ಹದಿನೈದು ಸಾವಿರದೊಳಗೆ ಹಳೆಯ ಸಿಎನ್‌ಸಿ ರೂಟರ್‌ಗೆ ಹೊಸ ಕಂಟ್ರೋಲರ್: ಯಾವ ಬೋರ್ಡ್ ಹಾಕಲಿ?

ಸಾಗರ ಮರಗೆಲಸ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಒಂದು ಸಣ್ಣ ಸಿಎನ್‌ಸಿ ರೂಟರ್ ಇದೆ. ಟೇಬಲ್ 600ಕ್ಕೆ 900 ಮಿ.ಮೀ. ಮೂರೂ ಆಕ್ಸಿಸ್‌ಗೆ (ಚಲಿಸುವ ದಿಕ್ಕಿಗೆ) 1605 ಬಾಲ್ ಸ್ಕ್ರೂ, ನೆಮಾ 23 ಅಳತೆಯ ಸ್ಟೆಪರ್ ಮೋಟಾರ್ (ಸಣ್ಣ ಸಣ್ಣ ಸ್ಟೆಪ್ ಇಟ್ಟು ತಿರುಗುವಂಥದ್ದು). ಬಿಟ್ ತಿರುಗಿಸುವ 1.5 ಕಿಲೋವ್ಯಾಟ್ ಸ್ಪಿಂಡಲ್, ಅದರ ವೇಗ ಹಿಡಿತದಲ್ಲಿಡಲು ಒಂದು ವಿಎಫ್‌ಡಿ. ಮಷೀನಿನ ಮೈಕಟ್ಟು ಗಟ್ಟಿಯಾಗಿದೆ, ಅದರ ಬಗ್ಗೆ ದೂರಿಲ್ಲ. ದೇವರ ಮಂಟಪದ ಬಾಗಿಲು, ಚನ್ನೆಮಣೆ, ಹೂಬಳ್ಳಿಯ ಉಬ್ಬು ಕೆತ್ತನೆ ಮಾಡುತ್ತೇನೆ. ಮರ ಹೆಚ್ಚಾಗಿ ಶಿವನಿ, ಹಲಸು, ಸಾಗುವಾನಿ.

ಇಷ್ಟು ದಿನ ಮ್ಯಾಕ್3 ಸಾಫ್ಟ್‌ವೇರ್‌ನಲ್ಲಿ ಓಡುತ್ತಿತ್ತು. ಎಕ್ಸ್‌ಪಿ ಹಾಕಿದ ಹಳೆಯ ಕಂಪ್ಯೂಟರ್, ಹಿಂದುಗಡೆ ಪ್ಯಾರಲಲ್ ಪೋರ್ಟ್. ಮೊನ್ನೆ ಸಿಡಿಲಿಗೆ ಅದರ ಮದರ್‌ಬೋರ್ಡ್ ಹೋಯಿತು. ಗೆಳೆಯರೊಬ್ಬರ ಆರ್ಡುಯಿನೋ ಊನೋ ಬೋರ್ಡ್ ತಂದು ಅದಕ್ಕೆ ಜಿಆರ್‌ಬಿಎಲ್ ಎಂಬ ಸಿಎನ್‌ಸಿ ಪ್ರೋಗ್ರಾಂ ಹಾಕಿ ನೋಡಿದೆ. ಮಷೀನ್ ಓಡುತ್ತದೆ. ಆದರೆ ಉಬ್ಬು ಕೆತ್ತನೆಗೆ ಬಂದರೆ ತಡವರಿಸುತ್ತದೆ, ವೇಗವೇ ಬರುವುದಿಲ್ಲ. ಇನ್ನೆರಡು ಕಾಟ ಮೊದಲಿಂದಲೂ ಇವೆ. ಸ್ಪಿಂಡಲ್ ಆನ್ ಮಾಡಿದರೆ ಒಮ್ಮೊಮ್ಮೆ ತುದಿಯ ಲಿಮಿಟ್ ಸ್ವಿಚ್ ಮುಟ್ಟದೆಯೇ ಅಲಾರಂ ಬಂದು ನಿಂತುಬಿಡುತ್ತದೆ. ಕರೆಂಟ್ ಹೋದರೆ ಅರ್ಧ ಕೆತ್ತಿದ ಹಲಗೆ ದಂಡ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ ಅಲ್ವಾ.

ಹದಿನೈದು ಸಾವಿರ ತೆಗೆದಿಟ್ಟಿದ್ದೇನೆ. ಯಾವ ಕಂಟ್ರೋಲರ್ ತೆಗೆದುಕೊಳ್ಳಲಿ?

ಆಟೋ ಕಾಂಪ್ಲೆಕ್ಸ್ ಲೇತ್

ಬೋರ್ಡ್ ಮಾತು ಆಮೇಲೆ ಆಡೋಣ. ಮೊದಲು ಇಷ್ಟು ಹೇಳಿ. ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಯಾವುದು? ಪವರ್ ಸಪ್ಲೈ ಎಷ್ಟು ವೋಲ್ಟ್? ಮೋಟಾರ್ ಲೇಬಲ್ ಮೇಲೆ ಎಷ್ಟು ಆಂಪ್ ಅಂತಿದೆ? ಮೈಕ್ರೋಸ್ಟೆಪ್, ಅಂದರೆ ಒಂದು ಸ್ಟೆಪ್ಪನ್ನು ಎಷ್ಟು ಭಾಗ ಮಾಡಿದ್ದು, ಎಷ್ಟಕ್ಕೆ ಇಟ್ಟಿದ್ದೀರಿ?

ಸಾಗರ ಮರಗೆಲಸ

ಡ್ರೈವರ್ ಮೂರೂ ಆಕ್ಸಿಸ್ ಒಂದೇ ಬೋರ್ಡಿನಲ್ಲಿರುವ ನೀಲಿ ಬೋರ್ಡ್, ಟಿಬಿ6560 ಚಿಪ್. ಸಪ್ಲೈ 24 ವೋಲ್ಟ್, 10 ಆಂಪ್. ಮೋಟಾರ್ 2.8 ಆಂಪ್. ಮೈಕ್ರೋಸ್ಟೆಪ್ 16.

ಆಟೋ ಕಾಂಪ್ಲೆಕ್ಸ್ ಲೇತ್

ಹಾಗಾದರೆ ನಿಮ್ಮ ದುಡ್ಡಿನ ಜಾಸ್ತಿ ಪಾಲು ಡ್ರೈವರ್ ಮತ್ತು ಸಪ್ಲೈಗೆ ಹೋಗಬೇಕು. ಕಂಟ್ರೋಲರ್ ಬೋರ್ಡ್ ಅಂದರೆ ಕೆಲವು ನೂರು ರೂಪಾಯಿಯ ಮಾತು. ಎಲ್ಲರೂ ಅದನ್ನೇ ಮೊದಲು ಕೊಳ್ಳುತ್ತಾರೆ. ಮೋಟಾರಿಗೆ ಕರೆಂಟ್ ಸರಿಯಾಗಿ ಹೋಗದಿದ್ದರೆ ಎಂಥ ಬೋರ್ಡ್ ಹಾಕಿದರೂ ಮಷೀನ್ ಹಳೆಯ ಹಾಗೇ ಇರುತ್ತದೆ.

ಕಾರಣ ಹೇಳುತ್ತೇನೆ. ನಿಮ್ಮ ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಸರಿಯುತ್ತದೆ. ನಿಮಿಷಕ್ಕೆ 3000 ಮಿ.ಮೀ. ಬೇಕು ಅಂದರೆ ಮೋಟಾರ್ ನಿಮಿಷಕ್ಕೆ 600 ಸುತ್ತು ತಿರುಗಬೇಕು. ಸ್ಟೆಪರ್ ಮೋಟಾರಿನ ಸುರುಳಿ ವೇಗ ಹೆಚ್ಚಾದಂತೆ ಕರೆಂಟನ್ನು ಒಳಗೆ ಬಿಡುವುದಿಲ್ಲ. ಅದನ್ನು ತಳ್ಳುವುದು ವೋಲ್ಟೇಜ್. 24 ವೋಲ್ಟಿನಲ್ಲಿ ಆ ವೇಗಕ್ಕೆ ಹೋಗುವಷ್ಟರಲ್ಲಿ ಟಾರ್ಕ್ ಇಳಿದಿರುತ್ತದೆ, ಹಲಸಿನ ಗಂಟು ಸಿಕ್ಕಿದರೆ ಸ್ಟೆಪ್ ತಪ್ಪುತ್ತದೆ. ಡಿಎಂ542 ಮಾದರಿಯ ಡ್ರೈವರ್ ಮೂರು, 36 ವೋಲ್ಟಿನ 350 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ಒಂದು ತೆಗೆದುಕೊಳ್ಳಿ. ಆ ಡ್ರೈವರ್ 20ರಿಂದ 50 ವೋಲ್ಟ್ ತಡೆಯುತ್ತದೆ. ಹಾಗಂತ 48 ಹಾಕಬೇಡಿ. ಮೋಟಾರ್ ಗಕ್ಕನೆ ನಿಂತಾಗ ಅದೇ ಜನರೇಟರ್ ಆಗಿ ವೋಲ್ಟೇಜ್ ವಾಪಸ್ ತಳ್ಳುತ್ತದೆ, 50 ದಾಟಿಬಿಡಬಹುದು. 36 ಸಾಕು. ಕರೆಂಟ್ ಸ್ವಿಚ್ 2.84ಕ್ಕೆ ಇಡಿ.

ಇನ್ನೊಂದು ಮಾತು. ಡ್ರೈವರ್ ಆನ್ ಇರುವಾಗ ಮೋಟಾರ್ ವೈರ್ ಕೀಳಬೇಡಿ. ಡ್ರೈವರ್ ಸುಡುವುದು ಬಹಳ ಸಲ ಹಾಗೆಯೇ.

ಕೊಪ್ಪ ಕಾಫಿತೋಟ

ನಾನು ಪರದೆ, ಬಟನ್ ಎಲ್ಲ ಇರುವ ಸ್ಟ್ಯಾಂಡ್‌ಅಲೋನ್ ಕಂಟ್ರೋಲರ್ ಹಾಕಿಸಿದ್ದೇನೆ. ಪೆನ್‌ಡ್ರೈವ್ ಚುಚ್ಚಿದರೆ ಆಯಿತು, ಕಂಪ್ಯೂಟರ್ ಬೇಡ. 24 ವೋಲ್ಟಿನ ಇನ್‌ಪುಟ್, ಹಾಗಾಗಿ ಸ್ಪಿಂಡಲ್ ಗಲಾಟೆ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಅದೊಂದಕ್ಕೇ ನಿಮ್ಮ ಬಜೆಟ್ ಮುಗಿಯುತ್ತದೆ. ಡ್ರೈವರ್‌ಗೆ ಏನೂ ಉಳಿಯುವುದಿಲ್ಲ. ಕೆಲಸದವರ ಕೈಗೆ ಮಷೀನ್ ಬಿಟ್ಟುಕೊಡುವವರಿಗೆ ಅದು ಸರಿ. ನೀವೇ ಓಡಿಸುವುದಾದರೆ ಅಗತ್ಯವಿಲ್ಲ ಅನ್ನಿಸುತ್ತದೆ.

ತೀರ್ಥಹಳ್ಳಿ ಲಿನಕ್ಸ್

ಪ್ಯಾರಲಲ್ ಪೋರ್ಟ್ ಇರುವ ಇನ್ನೊಂದು ಹಳೆಯ ಡೆಸ್ಕ್‌ಟಾಪ್ ಸಿಕ್ಕರೆ ಲಿನಕ್ಸ್‌ಸಿಎನ್‌ಸಿ ಹಾಕಿ. ಸಾಫ್ಟ್‌ವೇರ್ ಪುಕ್ಕಟೆ. ಇದರ ಮೂಲ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿಯಲ್ಲಿ ಬರೆದ ಇಎಂಸಿ ಎಂಬ ಪ್ರೋಗ್ರಾಂ. ದೊಡ್ಡ ಮಿಲ್ಲಿಂಗ್ ಮಷೀನುಗಳೂ ಇದರಲ್ಲಿ ಓಡುತ್ತವೆ. ಸ್ಕ್ರೂ ಸಡಿಲವನ್ನು ಲೆಕ್ಕದಲ್ಲಿ ಸರಿ ಮಾಡುವುದು, ಟೂಲ್ ಬದಲಾವಣೆ, ಕಟರ್ ಅಗಲದ ಕಾಂಪೆನ್ಸೇಶನ್ ಎಲ್ಲ ಇದೆ. ಊನೋದ ಜಿಆರ್‌ಬಿಎಲ್‌ನಲ್ಲಿ ಇವು ಯಾವುವೂ ಇಲ್ಲ.

ಕೊಳ್ಳುವ ಮೊದಲು ಆ ಕಂಪ್ಯೂಟರಿನಲ್ಲಿ ಲೇಟೆನ್ಸಿ ಟೆಸ್ಟ್ ಓಡಿಸಿ ನೋಡಲೇಬೇಕು. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಬೂಟ್ ಮಾಡಿ, ಟೆಸ್ಟ್ ಹಚ್ಚಿ, ಜೊತೆಗೆ ವಿಡಿಯೋ, ಫೈಲ್ ಕಾಪಿ ಎಲ್ಲ ಓಡಿಸಿ ಕಂಪ್ಯೂಟರಿಗೆ ಚೆನ್ನಾಗಿ ಕೆಲಸ ಕೊಡಿ. ಜಿಟ್ಟರ್ (ಸಮಯದ ಏರುಪೇರು) 20 ಮೈಕ್ರೋಸೆಕೆಂಡಿನ ಒಳಗೆ ಬಂದರೆ ಬಹಳ ಒಳ್ಳೆಯದು. 30ರಿಂದ 50 ಆದರೂ ನಡೆಯುತ್ತದೆ. 100 ದಾಟಿದರೆ ಆ ಕಂಪ್ಯೂಟರ್ ಪ್ಯಾರಲಲ್ ಪೋರ್ಟಿನಿಂದ ಸ್ಟೆಪ್ ಕೊಡುವ ಕೆಲಸಕ್ಕೆ ಆಗುವುದಿಲ್ಲ. ಲ್ಯಾಪ್‌ಟಾಪ್ ಬೇಡವೇ ಬೇಡ. ವಿದ್ಯುತ್ ಉಳಿಸುವ ಅದರ ಏರ್ಪಾಡು ನಡುನಡುವೆ ತಡೆಯುತ್ತಲೇ ಇರುತ್ತದೆ.

ಇಸಿ ಫೈನಲ್ ಇಯರ್

ಸಾರ್, ಊನೋ ಯಾಕೆ ತಡವರಿಸಿತು ಅಂತ ಲೆಕ್ಕ ಹಾಕಿ ನೋಡಿದೆ. ಉತ್ತರ ಅದರಲ್ಲೇ ಇದೆ ಅನ್ನಿಸಿತು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಸ್ಟೆಪ್ ಲೆಕ್ಕ. ಮೋಟಾರಿಗೆ ಸುತ್ತಿಗೆ 200 ಸ್ಟೆಪ್, ಮೈಕ್ರೋಸ್ಟೆಪ್ 16, ಒಟ್ಟು 3200. ಅದನ್ನು 5ರಿಂದ ಭಾಗಿಸಿದರೆ ಮಿ.ಮೀ.ಗೆ 640 ಸ್ಟೆಪ್. ಊನೋದ 8 ಬಿಟ್ ಚಿಪ್ಪಿನಲ್ಲಿ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಸ್ಟೆಪ್ ಕೊಡುತ್ತದೆ. ಅಂದರೆ ನಿಮಿಷಕ್ಕೆ 2800 ಮಿ.ಮೀ. ಹತ್ತಿರ ಅದರ ಮಿತಿ. ಮೈಕ್ರೋಸ್ಟೆಪ್ 8ಕ್ಕೆ ಇಳಿಸಿ, ಮಿ.ಮೀ.ಗೆ ಎಷ್ಟು ಸ್ಟೆಪ್ ಅಂತ ಹೇಳುವ $100ರಿಂದ $102ರವರೆಗಿನ ಸೆಟ್ಟಿಂಗ್ 320 ಮಾಡಿದರೆ ಮಿತಿ 5600ಕ್ಕೆ ಏರುತ್ತದೆ. ಆಗಲೂ ಒಂದು ಸ್ಟೆಪ್ ಅಂದರೆ 0.003 ಮಿ.ಮೀ. ಮರಕ್ಕೆ ಅದಕ್ಕಿಂತ ಸೂಕ್ಷ್ಮ ಬೇಕಿಲ್ಲ. ಇದು ಪೈಸೆ ಖರ್ಚಿಲ್ಲದ ಸುಧಾರಣೆ.

ಆದರೆ ಉಬ್ಬು ಕೆತ್ತನೆ ತಡವರಿಸುವುದಕ್ಕೆ ಬೇರೆ ಕಾರಣ ಇದೆ. ಹೂಬಳ್ಳಿಯ ಫೈಲಿನಲ್ಲಿ ಗೆರೆಗಳೆಲ್ಲ ಸಣ್ಣ ಸಣ್ಣ ತುಂಡು. ಒಂದೊಂದು ತುಂಡು 0.1 ಮಿ.ಮೀ. ಅಂತ ಇಟ್ಟುಕೊಳ್ಳೋಣ. ನಿಮಿಷಕ್ಕೆ 3000 ಅಂದರೆ ಸೆಕೆಂಡಿಗೆ 50 ಮಿ.ಮೀ., ಅಂದರೆ ಸೆಕೆಂಡಿಗೆ 500 ಸಾಲು ಜಿ-ಕೋಡ್ (ಮಷೀನಿಗೆ ಕೊಡುವ ಆಜ್ಞೆ). ಸಾಲಿಗೆ 20 ಅಕ್ಷರ ಹಿಡಿದರೂ 10,000 ಅಕ್ಷರ. ಯುಎಸ್‌ಬಿ ಸೀರಿಯಲ್ 115200 ವೇಗದಲ್ಲಿ ಸೆಕೆಂಡಿಗೆ ಹೋಗುವುದೇ ಹೆಚ್ಚೆಂದರೆ 11,520 ಅಕ್ಷರ. ತಂತಿಯೇ ತುಂಬಿಹೋಯಿತು. ಪಾಪ, ಆ ಪುಟ್ಟ ಚಿಪ್ ಅಷ್ಟು ಸಾಲನ್ನು ಓದಿ ಲೆಕ್ಕ ಮಾಡುವುದು ಬೇರೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಜಿಆರ್‌ಬಿಎಲ್ ಮುಂದಿನ 16 ತುಂಡುಗಳನ್ನು ಮಾತ್ರ ನೋಡಿಕೊಂಡು ವೇಗ ನಿರ್ಧರಿಸುತ್ತದೆ. ಮುಂದೆ ಏನಿದೆ ಅಂತ ಗೊತ್ತಿಲ್ಲದಿದ್ದರೆ, ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಆಗುವ ವೇಗಕ್ಕಷ್ಟೇ ಏರುತ್ತದೆ. 16 ತುಂಡು ಅಂದರೆ 1.6 ಮಿ.ಮೀ. ಆಕ್ಸಿಲರೇಶನ್ (ವೇಗ ಏರುವ, ಇಳಿಯುವ ಪ್ರಮಾಣ) 200 ಇದ್ದರೆ, 50 ಮಿ.ಮೀ. ವೇಗದಿಂದ ನಿಲ್ಲಲು 6.25 ಮಿ.ಮೀ. ಬೇಕು. 1.6ರೊಳಗೆ ನಿಲ್ಲಬೇಕಾದರೆ ಸೆಕೆಂಡಿಗೆ 25 ಮಿ.ಮೀ. ಮಾತ್ರ. ಅಂದರೆ ನೀವು 3000 ಕೊಟ್ಟರೂ ಅದು 1500 ದಾಟುವುದಿಲ್ಲ! ಬಾಗಿಲಿನ ನೇರ ಗೆರೆಗೆ ಈ ತೊಂದರೆ ಇಲ್ಲ. ಉಬ್ಬು ಕೆತ್ತನೆಗೆ ಮಾತ್ರ.

ಅದಕ್ಕೇ ನನ್ನ ಸಲಹೆ ಇಎಸ್‌ಪಿ32 ಬೋರ್ಡ್, ಅದರಲ್ಲಿ ಫ್ಲೂಯಿಡ್‌ಎನ್‌ಸಿ ಪ್ರೋಗ್ರಾಂ. 32 ಬಿಟ್, 240 ಮೆಗಾಹರ್ಟ್ಸ್. ಪ್ಲಾನರ್ ಬ್ಲಾಕ್ (ಮುಂದೆ ನೋಡುವ ತುಂಡು) 16ಕ್ಕಿಂತ ಹೆಚ್ಚಿಸಿಕೊಳ್ಳಬಹುದು. ಎಸ್‌ಡಿ ಕಾರ್ಡ್ ಹಾಕಿದರೆ ಫೈಲ್ ಅಲ್ಲಿಂದಲೇ ಓಡುತ್ತದೆ, ಸೀರಿಯಲ್ ತಂತಿಯ ಇಕ್ಕಟ್ಟು ಇರುವುದಿಲ್ಲ. ವೈಫೈ ಇದೆ, ಮೊಬೈಲ್ ಬ್ರೌಸರ್‌ನಿಂದಲೇ ಓಡಿಸಬಹುದು. ಸೆಟ್ಟಿಂಗ್ ಎಲ್ಲ ಒಂದು ಪಠ್ಯ ಫೈಲಿನಲ್ಲಿ, ಬದಲಾಯಿಸಿದಾಗೆಲ್ಲ ಪ್ರೋಗ್ರಾಂ ಮತ್ತೆ ಕಂಪೈಲ್ ಮಾಡಬೇಕಿಲ್ಲ.

ತೀರ್ಥಹಳ್ಳಿ ಲಿನಕ್ಸ್

ಲೆಕ್ಕ ಬಹಳ ಚೆನ್ನಾಗಿದೆ, ಒಪ್ಪಿದೆ. ಲಿನಕ್ಸ್‌ಸಿಎನ್‌ಸಿಯಲ್ಲಿ ಇದಕ್ಕೆ ಜಿ64 ಅಂತ ಕಮಾಂಡ್ ಇದೆ. ಎಷ್ಟು ವ್ಯತ್ಯಾಸ ಪರವಾಗಿಲ್ಲ ಅಂತ ಹೇಳಿದರೆ, ಒಂದೇ ಗೆರೆಯ ಮೇಲಿರುವ ಸಣ್ಣ ತುಂಡುಗಳನ್ನು ಅದೇ ಕೂಡಿಸಿಕೊಳ್ಳುತ್ತದೆ. ಯಾವ ಕಂಟ್ರೋಲರ್ ಆದರೂ ಸರಿ, ಚಿತ್ರದಿಂದ ಜಿ-ಕೋಡ್ ತೆಗೆಯುವ ಕ್ಯಾಮ್ ಸಾಫ್ಟ್‌ವೇರ್‌ನಲ್ಲೇ ಟಾಲರೆನ್ಸ್ ಸ್ವಲ್ಪ ಸಡಿಲಿಸಿ ಫೈಲ್ ತೆಗೆಯಿರಿ. 0.02 ಮಿ.ಮೀ. ಸಡಿಲಿಸಿದರೆ ಮರದ ಮೇಲೆ ಕಣ್ಣಿಗೆ ಕಾಣುವುದಿಲ್ಲ, ಸಾಲುಗಳು ಮಾತ್ರ ಎಷ್ಟೋ ಕಡಿಮೆಯಾಗುತ್ತವೆ.

ಭದ್ರಾವತಿ ವೈರಿಂಗ್

ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿ ನಿವೃತ್ತನಾದವನು ನಾನು. ಸ್ಪಿಂಡಲ್ ಶುರುವಾದಾಗ ಅಲಾರಂ ಬರುವುದು ಬೋರ್ಡಿನ ತಪ್ಪಲ್ಲ. ಅದು ಅರ್ಥಿಂಗ್ ಮತ್ತು ವೈರಿಂಗ್ ವಿಷಯ. ಬೋರ್ಡ್ ಬದಲಾಯಿಸಿದರೆ ಹೊಸ ಬೋರ್ಡಿಗೂ ಅದೇ ಗತಿ.

ಮೊದಲು ಮಲ್ಟಿಮೀಟರ್ ಹಿಡಿದು ಪ್ಲಗ್‌ನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ವೋಲ್ಟೇಜ್ ನೋಡಿ. ಒಂದೆರಡು ವೋಲ್ಟ್ ಇದ್ದರೆ ಸರಿ. ಹತ್ತು ಹದಿನೈದು ತೋರಿಸಿದರೆ ಏನೋ ಸರಿಯಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಅರ್ತ್ ಚೆನ್ನಾಗಿರುತ್ತದೆ, ನೆಲ ಒದ್ದೆ. ಜಂಬಿಟ್ಟಿಗೆ ನೆಲದ ಗುಡ್ಡದ ಮೇಲಿನ ಮನೆಗಳಲ್ಲಿ ಬೇಸಿಗೆಗೆ ಒಣಗಿಹೋಗುತ್ತದೆ. ಸಿಡಿಲು ಜೋರಾಗಿ ಬರುವುದೂ ಏಪ್ರಿಲ್, ಮೇನಲ್ಲೇ. ಇದ್ದಿಲು, ಉಪ್ಪು ಹಾಕಿದ ಗುಂಡಿ ಇದ್ದರೆ ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ಸಂಜೆ ಮೋಡ ಕಟ್ಟಿದರೆ ಮಷೀನಿನ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಆಮೇಲೆ ಸ್ಪಿಂಡಲ್. ಅಗ್ಗದ ಕೆಲವು ಸ್ಪಿಂಡಲ್‌ಗಳಲ್ಲಿ ಕನೆಕ್ಟರಿನ ನಾಲ್ಕನೇ ಪಿನ್ ಒಳಗೆ ಬಾಡಿಗೆ ಸೇರಿರುವುದೇ ಇಲ್ಲ. ಪ್ಲಗ್ ಕಿತ್ತು, ವಿಎಫ್‌ಡಿ ಒಳಗಿನ ಕೆಪಾಸಿಟರ್ ಇಳಿಯಲು ಹತ್ತು ನಿಮಿಷ ಬಿಟ್ಟು, ಮೀಟರ್ ಹಿಡಿದು ನೋಡಿ. ಸೇರಿರದಿದ್ದರೆ ಸ್ಪಿಂಡಲ್ ಬಾಡಿಗೆ ಬೇರೆ ಅರ್ತ್ ವೈರ್ ಹಾಕಲೇಬೇಕು. ಇದು ಪ್ರಾಣದ ಪ್ರಶ್ನೆ ಕೂಡ. ಸ್ಪಿಂಡಲ್ ಕೇಬಲ್ ಶೀಲ್ಡ್ ಇರುವುದೇ ಇರಲಿ. ಲಿಮಿಟ್ ಸ್ವಿಚ್ ವೈರನ್ನು ಅದರ ಪಕ್ಕದಲ್ಲಿ ಓಡಿಸಬೇಡಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಲಿಮಿಟ್ ವೈರಿಗೂ ಶೀಲ್ಡ್ ಇರುವ ಕೇಬಲ್ ಹಾಕಿ, ಆ ಶೀಲ್ಡನ್ನು ಕಂಟ್ರೋಲರ್ ಬದಿ ಮಾತ್ರ ಅರ್ತ್ ಮಾಡಿ. ಸ್ವಿಚ್‌ಗಳನ್ನು ಎನ್‌ಸಿ ರೀತಿ ಜೋಡಿಸಿ. ಸಾಮಾನ್ಯವಾಗಿ ಮುಚ್ಚಿರಬೇಕು, ಮುಟ್ಟಿದಾಗ ತೆರೆಯಬೇಕು. ನಮ್ಮ ಕಡೆ ಇಲಿ ಕಾಟ ಜಾಸ್ತಿ. ಇಲಿ ವೈರ್ ಕಡಿದರೆ ಮಷೀನ್ ಕೂಡಲೇ ನಿಲ್ಲುತ್ತದೆ. ಎನ್‌ಒ (ಸಾಮಾನ್ಯವಾಗಿ ತೆರೆದಿರುವ) ರೀತಿ ಇದ್ದರೆ ವೈರ್ ಕಡಿದಿರುವುದು ಗೊತ್ತಾಗುವುದು ಗ್ಯಾಂಟ್ರಿ (ಸ್ಪಿಂಡಲ್ ಹೊತ್ತ ಸೇತುವೆ) ಹೋಗಿ ಗುದ್ದಿದ ಮೇಲೆ.

ಸಾಗರ ಮರಗೆಲಸ

ಎಲ್ಲರಿಗೂ ತುಂಬಾ ಧನ್ಯವಾದ. ಅರ್ತ್ ನೋಡಿದೆ, 14 ವೋಲ್ಟ್ ಇದೆ. ಸ್ಪಿಂಡಲ್ ಬಾಡಿಗೂ ಅರ್ತ್ ಇಲ್ಲ. ಎರಡನ್ನೂ ಮೊದಲು ಮಾಡಿಸುತ್ತೇನೆ. ಹಳೆಯ ಡೆಸ್ಕ್‌ಟಾಪ್ ಹುಡುಕುವುದಕ್ಕಿಂತ ಇಎಸ್‌ಪಿ32 ನನಗೆ ಸುಲಭ. ಅದರ ಪಿನ್‌ನಿಂದ ನೇರವಾಗಿ ಡಿಎಂ542ಗೆ ವೈರ್ ಕೊಡಬಹುದಾ?

ಇಸಿ ಫೈನಲ್ ಇಯರ್

ನೇರ ಕೊಡಬೇಡಿ ಸಾರ್. ಇಎಸ್‌ಪಿ32 ಕೊಡುವುದು 3.3 ವೋಲ್ಟ್. ಡ್ರೈವರ್ ಒಳಗಿನ ಆಪ್ಟೋ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಭಾಗ) ಬಯಸುವುದು 5. ಕೆಲವೊಮ್ಮೆ ಓಡುತ್ತದೆ, ಕೆಲವೊಮ್ಮೆ ಸ್ಟೆಪ್ ನುಂಗುತ್ತದೆ. ಹೀಗೆ ಅರ್ಧಂಬರ್ಧ ಓಡುವ ತೊಂದರೆ ಹುಡುಕುವುದೇ ಕಷ್ಟ. ನಡುವೆ 74ಎಚ್‌ಸಿಟಿ245 ಚಿಪ್ ಒಂದು ಹಾಕಿ, ಅದಕ್ಕೆ 5 ವೋಲ್ಟ್ ಸಪ್ಲೈ ಕೊಡಿ. ಅಂಗಡಿಯಲ್ಲಿ ಎಚ್‌ಸಿ ಕೊಟ್ಟರೆ ಬೇಡ ಅನ್ನಿ, ಎಚ್‌ಸಿಟಿಯೇ ಬೇಕು. ಎಚ್‌ಸಿಟಿ 2 ವೋಲ್ಟ್ ಮೇಲಿದ್ದರೆ ಸಾಕು, ಆನ್ ಅಂತ ತಿಳಿಯುತ್ತದೆ. ಎಚ್‌ಸಿಗೆ 5 ವೋಲ್ಟ್ ಸಪ್ಲೈ ಇದ್ದಾಗ 3.5 ಬೇಕು, ನಿಮ್ಮ 3.3 ಅದಕ್ಕೆ ಸಾಲದು.

ಪಿನ್ ಆರಿಸುವಾಗ 34ರಿಂದ 39ರವರೆಗಿನವು ಇನ್‌ಪುಟ್ ಮಾತ್ರ, ಒಳಗೆ ಪುಲ್-ಅಪ್ (ಪಿನ್ನನ್ನು ಹೈ ಹಿಡಿಯುವ ರೆಸಿಸ್ಟರ್) ಇಲ್ಲ. ಅವುಗಳಿಗೆ ಲಿಮಿಟ್ ಸ್ವಿಚ್ ಕೊಟ್ಟರೆ ಹೊರಗಿನಿಂದ 10 ಕಿಲೋ ಓಮ್ ರೆಸಿಸ್ಟರ್ ಹಾಕಬೇಕು. ಪಿನ್ 12 ಮುಟ್ಟಬೇಡಿ. ಆನ್ ಆಗುವಾಗ ಅದು ಹೈ ಇದ್ದರೆ ಬೋರ್ಡ್ ಬೂಟ್ ಆಗದಿರಬಹುದು.

ಹೊಸನಗರ 3018

ಕರೆಂಟ್ ಹೋಗುವ ವಿಷಯ ಯಾರೂ ಹೇಳಲಿಲ್ಲವಲ್ಲ. ನನಗೂ ಅದೇ ಬೇಕಿತ್ತು. ಹೊಸನಗರದಲ್ಲಿ ಜುಲೈ ತಿಂಗಳಲ್ಲಿ ದೊಡ್ಡ ಕೆಲಸ ಹಾಕುವುದಕ್ಕೇ ಧೈರ್ಯ ಬರುವುದಿಲ್ಲ.

ಭದ್ರಾವತಿ ವೈರಿಂಗ್

ಅದಕ್ಕೆ ದಾರಿ ಇದೆ. ಕಂಟ್ರೋಲರ್ ಮತ್ತು ಸ್ಟೆಪರ್ ಸಪ್ಲೈಯನ್ನು ಮನೆಯ ಇನ್ವರ್ಟರ್‌ಗೆ ಕೊಡಿ. ಒಟ್ಟು ನೂರು, ನೂರೈವತ್ತು ವ್ಯಾಟ್ ಎಳೆಯಬಹುದು. ಸೈನ್ ವೇವ್ ಇನ್ವರ್ಟರ್ ಒಳ್ಳೆಯದು, ಯುಪಿಎಸ್ ಮೋಡ್‌ಗೆ ಹಾಕಿಡಿ, ಆಗ ಬೇಗ ಬದಲಾಗುತ್ತದೆ. ಸ್ಪಿಂಡಲ್ ಮಾತ್ರ ಮೇನ್ಸ್‌ನಲ್ಲೇ ಇರಲಿ, ಇನ್ವರ್ಟರ್ ಅದನ್ನು ಹೊರುವುದಿಲ್ಲ.

ಈಗ ಕರೆಂಟ್ ಹೋದರೆ ಸ್ಪಿಂಡಲ್ ನಿಲ್ಲುತ್ತದೆ, ಆಕ್ಸಿಸ್ ಓಡುತ್ತಲೇ ಇರುತ್ತದೆ. ಬಿಟ್ ಮುರಿಯುತ್ತದೆ. ಅದಕ್ಕೆ ವಿಎಫ್‌ಡಿಯ ಮುಂದೆ ಒಂದು ಕಾಂಟ್ಯಾಕ್ಟರ್ ಹಾಕಿ, ತೋಟದ ಪಂಪ್‌ಸೆಟ್ ಸ್ಟಾರ್ಟರ್‌ನ ಹಾಗೆ ಹಸಿರು, ಕೆಂಪು ಬಟನ್ ಇಟ್ಟು. ಕರೆಂಟ್ ಹೋದರೆ ಕಾಂಟ್ಯಾಕ್ಟರ್ ಬಿದ್ದುಹೋಗುತ್ತದೆ, ಕರೆಂಟ್ ಬಂದರೂ ಹಸಿರು ಒತ್ತುವವರೆಗೆ ಎತ್ತುವುದಿಲ್ಲ. ಆ ಕಾಂಟ್ಯಾಕ್ಟರ್‌ನಲ್ಲಿ ಒಂದು ಸಹಾಯಕ ಕಾಂಟ್ಯಾಕ್ಟ್ ಇರುತ್ತದೆ ಅಥವಾ ಸೇರಿಸಿಕೊಳ್ಳಬಹುದು. ಅದರ ಎರಡು ವೈರ್ ತಂದು ಕಂಟ್ರೋಲರ್‌ನ ಫೀಡ್ ಹೋಲ್ಡ್ ಇನ್‌ಪುಟ್‌ಗೆ ಕೊಡಿ. ಕಾಂಟ್ಯಾಕ್ಟರ್ ಬಿದ್ದ ಕೂಡಲೇ ಕಂಟ್ರೋಲರ್ ಆಕ್ಸಿಸ್‌ಗಳನ್ನು ನಿಧಾನಿಸಿ ನಿಲ್ಲಿಸುತ್ತದೆ. ಸ್ಪಿಂಡಲ್ ತನ್ನ ರಭಸದಲ್ಲಿ ಇನ್ನೂ ತಿರುಗುತ್ತಿರುತ್ತದೆ, ಹಾಗಾಗಿ ಬಿಟ್ ಸಿಕ್ಕಿಹಾಕಿಕೊಳ್ಳುವುದಿಲ್ಲ. ಮೋಟಾರ್‌ಗಳು ಇನ್ವರ್ಟರ್ ಮೇಲೆ ಜಾಗ ಬಿಡದೆ ಹಿಡಿದುಕೊಂಡಿರುತ್ತವೆ. ಕರೆಂಟ್ ಬಂದ ಮೇಲೆ ಹಸಿರು ಒತ್ತಿ, ಸ್ಪಿಂಡಲ್ ಪೂರ್ತಿ ವೇಗಕ್ಕೆ ಬರಲಿ, ಆಮೇಲೆ ಸೈಕಲ್ ಸ್ಟಾರ್ಟ್.

ಕೆಂಪು ಅಣಬೆ ಬಟನ್ನನ್ನೂ ಇದೇ ಸಾಲಿನಲ್ಲಿ ಸೇರಿಸಿ. ತುರ್ತು ನಿಲುಗಡೆ ಸಾಫ್ಟ್‌ವೇರ್ ಕೈಯಲ್ಲಿ ಇರಬಾರದು, ಸ್ಪಿಂಡಲ್‌ನ ಕರೆಂಟನ್ನೇ ಕಡಿಯಬೇಕು. ಆದರೆ ದಿನದ ಆನ್ ಆಫ್‌ಗೆ ಈ ಕಾಂಟ್ಯಾಕ್ಟರ್ ಬಳಸಬೇಡಿ, ಪದೇ ಪದೇ ಹಾಗೆ ಮಾಡಿದರೆ ವಿಎಫ್‌ಡಿಗೆ ಒಳ್ಳೆಯದಲ್ಲ.

ಆಟೋ ಕಾಂಪ್ಲೆಕ್ಸ್ ಲೇತ್

ಇದು ನನಗೂ ಹೊಳೆದಿರಲಿಲ್ಲ. ನಮ್ಮ ಶೆಡ್ಡಿನಲ್ಲೂ ಹಾಕಿಸುತ್ತೇನೆ.

ಸಾಗರ ಮರಗೆಲಸ

ಕೆಲಸ ಮುಗಿಯಿತು, ಹೇಳೋಣ ಅಂತ ಬಂದೆ. ಡ್ರೈವರ್, ಸಪ್ಲೈ, ಇಎಸ್‌ಪಿ32, ಚಿಪ್, ಕಾಂಟ್ಯಾಕ್ಟರ್, ಶೀಲ್ಡ್ ಕೇಬಲ್, ಅರ್ತ್ ಗುಂಡಿ ಎಲ್ಲ ಸೇರಿ ಹದಿಮೂರು ಸಾವಿರದ ಆಸುಪಾಸು. ಇನ್ವರ್ಟರ್ ಮನೆಯಲ್ಲೇ ಇತ್ತು. ಅರ್ತ್ ಸರಿ ಮಾಡಿದ ದಿನವೇ, ಇನ್ನೂ ಊನೋ ಇದ್ದಾಗಲೇ, ಸುಳ್ಳು ಅಲಾರಂ ನಿಂತಿತು. ಭದ್ರಾವತಿಯ ಸಾರ್‌ಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಹೊಸ ಕಂಟ್ರೋಲರ್‌ನಲ್ಲಿ ಹೂಬಳ್ಳಿ ಕೆತ್ತನೆ ತಡವರಿಸದೆ ಓಡುತ್ತಿದೆ. ಮಾವಿನ ಎಲೆಯ ಅಂಚಿನಲ್ಲಿ ಮೊದಲು ಬರುತ್ತಿದ್ದ ಸುಟ್ಟ ಕಲೆ ಈಗಿಲ್ಲ, ಬಿಟ್ ಒಂದೇ ಕಡೆ ನಿಂತು ಉಜ್ಜುವುದಿಲ್ಲ ಅಲ್ವಾ. ಕರೆಂಟ್ ಹೋಯಿತು, ಮಷೀನ್ ನಿಂತಿತು, ಬಂದ ಮೇಲೆ ಅದೇ ಜಾಗದಿಂದ ಮುಂದುವರಿಯಿತು. ಹಲಗೆಯ ಮೇಲೆ ಗುರುತೇ ಕಾಣಲಿಲ್ಲ. ಆಕ್ಸಿಲರೇಶನ್ ಈಗ 200 ಇದೆ. ಎಷ್ಟರವರೆಗೆ ಏರಿಸಬಹುದು?

ಆಟೋ ಕಾಂಪ್ಲೆಕ್ಸ್ ಲೇತ್

ಬಹಳ ಸಂತೋಷ. ಐವತ್ತು ಐವತ್ತು ಏರಿಸಿ. ಪ್ರತಿ ಸಲ ಖಾಲಿ ಟೇಬಲ್ ಮೇಲೆ ಉದ್ದಕ್ಕೆ ಹಿಂದೆ ಮುಂದೆ ಓಡಿಸಿ, ಶುರುವಿನ ಗುರುತಿಗೇ ವಾಪಸ್ ಬರುತ್ತದಾ ನೋಡಿ. ಸ್ಟೆಪ್ ತಪ್ಪಿದ ಮಟ್ಟದಿಂದ ಮೂರನೇ ಒಂದು ಪಾಲು ಕೆಳಗೆ ಇಟ್ಟುಬಿಡಿ. ಝಡ್ ಆಕ್ಸಿಸ್ ಸ್ಪಿಂಡಲ್ ಭಾರ ಹೊರುತ್ತದೆ, ಅದಕ್ಕೆ ಬೇರೆ ಕಡಿಮೆ ಸಂಖ್ಯೆ. ಮಳೆಗಾಲ ಶುರುವಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿ, ರೈಲಿಗೆ ತುಕ್ಕು ಹಿಡಿದರೆ ಲೆಕ್ಕ ಬದಲಾಗುತ್ತದೆ. ಎಣ್ಣೆ ಒರೆಸುವುದು ಬಿಡಬೇಡಿ.

ಹೊಸನಗರ 3018

ನನ್ನದು 3018 ಅನ್ನುವ ಸಣ್ಣ ಸಿಎನ್‌ಸಿ ಮಷೀನ್. ನಾನೂ ಇದೆಲ್ಲ ಮಾಡಬೇಕಾ?

ಇಸಿ ಫೈನಲ್ ಇಯರ್

ಅಷ್ಟು ಬೇಡ. ನಿಮ್ಮದರಲ್ಲಿ ವಿಎಫ್‌ಡಿ ಇಲ್ಲ, ಸ್ಪಿಂಡಲ್ ಕೂಡ 24 ವೋಲ್ಟಿನ ಸಣ್ಣ 775 ಮೋಟಾರ್. ಇಡೀ ಮಷೀನನ್ನೇ ಇನ್ವರ್ಟರ್ ಮೇಲೆ ಓಡಿಸಬಹುದು, ಕಾಂಟ್ಯಾಕ್ಟರ್ ಬೇಕಿಲ್ಲ. $$ ಅಂತ ಕೊಟ್ಟು ಸೆಟ್ಟಿಂಗ್ ನೋಡಿ, $100 ಸಾಮಾನ್ಯವಾಗಿ 800 ಇರುತ್ತದೆ. ಸೆಕೆಂಡಿಗೆ 30,000 ಸ್ಟೆಪ್ ಅಂದರೆ ನಿಮಿಷಕ್ಕೆ 2250 ಮಿ.ಮೀ. ಆ ಮಷೀನಿನ ಮೈಕಟ್ಟಿಗೆ ಅಷ್ಟು ವೇಗವೇ ಜಾಸ್ತಿ. ಉಬ್ಬು ಕೆತ್ತನೆ ಮಾಡುವುದಾದರೆ ಮಾತ್ರ ಬೋರ್ಡ್ ಬದಲಾಯಿಸಿ. ಅಕ್ಷರ, ನಾಮಫಲಕ ಕೆತ್ತುವುದಕ್ಕೆ ಈಗಿರುವುದೇ ಸಾಕು. ಲಿಮಿಟ್ ಸ್ವಿಚ್ ಇಲ್ಲದಿದ್ದರೆ ಅದನ್ನು ಮೊದಲು ಹಾಕಿಸಿ, ಎನ್‌ಸಿ ರೀತಿಯಲ್ಲೇ.